ಮಲಯಾಳ ಮಾತ್ರ ತಿಳಿದ ನಾಯಿ

ಜಾಲ್ಸೂರಿನಲ್ಲಿ ಕಾಸರಗೋಡು ಕಡೆಗೆ ಹೋಗುವ ಬಸ್ಸುಗಳು ನಿಲ್ಲುವ ಜಾಗದ ಎದುರಿಗೇ ನನ್ನ ಹೊಲಿಗೆ ಅಂಗಡಿ. ಅಂಗಡಿಯ ಹಿಂದೆ ಮನೆ. ಒಂದು ಬೇಸಿಗೆಯಲ್ಲಿ ಆ ಬಸ್ ಸ್ಟ್ಯಾಂಡಿಗೆ ಎಲ್ಲಿಂದಲೋ ಒಂದು ಕಂದು ಬಣ್ಣದ ಹೆಣ್ಣುನಾಯಿ ಬಂದು ಸೇರಿತು. ಕುತ್ತಿಗೆಯಲ್ಲಿ ಹರಿದುಹೋದ ಪಟ್ಟಿಯೊಂದಿತ್ತು. ಕಾಸರಗೋಡಿನ ಬಸ್ಸು ಬಂದು ನಿಂತರೆ ಅದೂ ಜನರ ಹಿಂದೆ ನಿಂತು, ತನ್ನ ಸರದಿ ಬಂದಾಗ ಮೆಟ್ಟಿಲು ಹತ್ತಿಬಿಡುತ್ತಿತ್ತು. ಕಂಡಕ್ಟರು ಇಳಿಸಿದರೆ ತಕರಾರು ಮಾಡದೆ ಇಳಿದು ಮುಂದಿನ ಬಸ್ಸಿಗೆ ಕಾಯುತ್ತಿತ್ತು. ಮಡಿಕೇರಿಯ ಬಸ್ಸು, ಪುತ್ತೂರಿನ ಬಸ್ಸು ಬಂದರೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಜನ ನಗುತ್ತಿದ್ದರು, ನಾನೂ ಮೆಷಿನ್ ನಿಲ್ಲಿಸಿ ನಕ್ಕಿದ್ದೇನೆ. ಅದಕ್ಕೆ ತಾನು ಹೋಗಬೇಕಾದ ದಿಕ್ಕು ಗೊತ್ತಿತ್ತು ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ.

ಒಂದು ದಿನ ಬೈಕೊಂದು ತಾಗಿ ಅದರ ಹಿಂಗಾಲಿಗೆ ಗಾಯವಾಯಿತು. ಕುಂಟುತ್ತಾ ಬಂದು ನನ್ನ ಅಂಗಡಿಯ ಬಟ್ಟೆ ಚೂರುಗಳ ರಾಶಿಯ ಮೇಲೆ ಮಲಗಿತು. ಗೂಡ್ಸ್ ರಿಕ್ಷಾ ಓಡಿಸುವ ನನ್ನ ಗಂಡ ಊಟಕ್ಕೆ ಬಂದವರು ಅದನ್ನು ನೋಡಿ, "ಗುಣ ಆಗುವವರೆಗೆ ಇರ್ಲಿ" ಎಂದರು. ಒಪ್ಪದವರು ಅತ್ತೆ.

"ನಾಯಿ ಗೀಯಿ ಎಂತದ್ದೂ ಬೇಡ. ಮನೆಯಲ್ಲಿ ಕೋಳಿಗಳು ಉಂಟು. ನಾಳೆ ಒಂದನ್ನು ಹಿಡಿದರೆ ಆಮೇಲೆ ನನ್ನ ಹತ್ರ ಹೇಳ್ಬೇಡಿ" ಎಂದು ಒಳಗೆ ಹೋದರು.

ಆದದ್ದು ತಿರುಗಾಮುರುಗ. ಮರಿ ಕಟ್ಟಿಕೊಂಡಿದ್ದ ನಮ್ಮ ಹೇಂಟೆ ಕೋಳಿಯೊಂದು ನಾಯಿಯನ್ನೇ ಅಂಗಳದ ತುಂಬ ಅಟ್ಟಿಸಿಕೊಂಡು ಹೋಯಿತು. ನಾಯಿ ಮೂರು ಕಾಲಲ್ಲಿ ಓಡಿ ಬಂದು ಅತ್ತೆಯ ಸೀರೆಯ ಹಿಂದೆ ಅಡಗಿ ನಿಂತಿತು. ಅತ್ತೆ ಬೈಯಲು ಬಾಯಿ ತೆರೆದವರು, ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡರು.

ಆದರೆ ನಾಯಿ ನಮ್ಮ ಮಾತು ಕೇಳುತ್ತಿರಲಿಲ್ಲ. ನಾನು ಕನ್ನಡದಲ್ಲಿ ಕರೆದೆ, ನಮ್ಮ ಮನೆಮಾತು ಅರೆಭಾಷೆಯಲ್ಲಿ ಕರೆದೆ. ಗಂಡ ತುಳುವಿನಲ್ಲಿ ಕರೆದರು. ಅದು ನಮ್ಮ ಮುಖವನ್ನೇ ನೋಡುತ್ತಾ ಕೂರುತ್ತಿತ್ತು. ತುಳುವಿನ "ಪೋ" ಒಂದು ಮಾತ್ರ ಅದಕ್ಕೆ ತಿಳಿಯುತ್ತಿತ್ತು. ಕೇಳಿದ ಕೂಡಲೇ ಬಾಲ ಮುದುಡಿಕೊಂಡು ದೂರ ಹೋಗುತ್ತಿತ್ತು. ಕಿವಿ ಕೇಳುವುದಿಲ್ಲವೇನೋ ಎಂದರೆ, ಅದೂ ಅಲ್ಲ. ಪಾತ್ರೆಯ ಸದ್ದಾದರೆ ಎಲ್ಲಿದ್ದರೂ ಹಾಜರು.

ಸ್ಕೂಟರಿನಲ್ಲಿ ಮೀನು ತರುವ ಬ್ಯಾರಿಯೊಬ್ಬರು ಈ ಒಗಟನ್ನು ಬಿಡಿಸಿದರು. ಕೇರಳದ ಗಡಿಯ ಆಚೆಗೂ ಈಚೆಗೂ ಅವರಿಗೆ ಗಿರಾಕಿಗಳು. ನಾಯಿ ಮೀನಿನ ಬುಟ್ಟಿಗೆ ಮೂಗು ತೂರಿಸಿದಾಗ ಅವರು ಅಭ್ಯಾಸಬಲದಿಂದ "ಅವಿಡೆ ಇರಿ" ಎಂದು ಗದರಿದರು. ನಾಯಿ ತಟ್ಟನೆ ಕುಳಿತಿತು.

ಅವರು ನನ್ನನ್ನು ನೋಡಿದರು. "ಅಕ್ಕ, ಇದಕ್ಕೆ ಕನ್ನಡ ಬರುದಿಲ್ಲ. ಇದು ಮಲಯಾಳದ್ದು."

ಅವತ್ತಿನಿಂದ ನಮ್ಮ ಮನೆಯಲ್ಲಿ ದೊಡ್ಡ ತಮಾಷೆ. ಮಲಯಾಳದಲ್ಲಿ ಇರಿ ಎಂದರೆ ಕುಳಿತುಕೋ. ನಾನು ಅಂಗಡಿಯಲ್ಲಿ ಯಾರಿಗೋ, "ಸ್ವಲ್ಪ ಇರಿ, ಅಳತೆ ತೆಗೀತೇನೆ" ಎಂದರೆ ಗಿರಾಕಿ ನಿಂತೇ ಇರುತ್ತಿದ್ದರು, ನಾಯಿ ಕೂತುಬಿಡುತ್ತಿತ್ತು. ಮದುವೆ ಸೀಸನ್ನಿನಲ್ಲಿ ರವಿಕೆಗೆ ಅವಸರ ಮಾಡುವವರಿಗೆಲ್ಲ ನಾನು "ಇರಿ, ಇರಿ" ಅನ್ನುವುದು, ಅದು ಎದ್ದು ಎದ್ದು ಕೂರುವುದು.

ಒಂದು ಮಧ್ಯಾಹ್ನ ಹಿತ್ತಲಿನಿಂದ ಮಾತು ಕೇಳಿಸಿತು. ಯಾರೋ ಹೆಂಗಸು ಬಂದಿದ್ದಾರೆ ಎಂದುಕೊಂಡೆ. ಹೋಗಿ ನೋಡಿದರೆ ಅತ್ತೆ ಬಾವಿಕಟ್ಟೆಯ ಪಕ್ಕ ಕೂತು ನಾಯಿಯ ತಟ್ಟೆಗೆ ಗಂಜಿ ಹಾಕುತ್ತಾ ಹೇಳುತ್ತಿದ್ದರು, "ಎಂದಾ ಮೋಳೇ, ಚೋರ್ ವೇಂಡೇ?"

ಏನು ಮಗಳೇ, ಅನ್ನ ಬೇಡವಾ ಎಂಬ ಅಷ್ಟೇ ಮಾತು. ಆದರೆ ಆ ದನಿ ನಾನು ಕೇಳಿದ್ದಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅತ್ತೆಗೆ ಮಲಯಾಳ ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ಅವರ ತವರು ಗಡಿಯ ಆಚೆ ಎಂದು ತಿಳಿದಿತ್ತು. ಜಾಗ ಮಾರಿ ಅಣ್ಣತಮ್ಮಂದಿರು ಎಲ್ಲೆಲ್ಲೋ ಹೋದ ಮೇಲೆ ಅತ್ತ ಹೋಗುವುದೂ ನಿಂತಿತ್ತು. ನಾನು ಕೇಳಿದ್ದೂ ಇಲ್ಲ, ಅವರು ಹೇಳಿದ್ದೂ ಇಲ್ಲ.

"ನೀವು ಮಲಯಾಳ ಎಲ್ಲಿ ಕಲ್ತದ್ದು ಅತ್ತೆ?"

"ಕಲಿಯುದೆಂತ? ಶಾಲೆಗೆ ಹೋದದ್ದೇ ಅದರಲ್ಲಿ. ಆಟ ಆಡಿದ್ದೂ ಅದರಲ್ಲೇ" ಎಂದರು. ಖಾಲಿಯಾದ ತಟ್ಟೆ ಎಳೆದುಕೊಂಡು, "ಇಲ್ಲಿಗೆ ಬಂದ ಹೊಸದರಲ್ಲಿ ಒಂದೊಂದು ಮಾತು ಬಾಯಿಗೆ ಬರ್ತಿತ್ತು. ಎಲ್ಲ ನಗಾಡ್ತಿದ್ದರು. ಮತ್ತೆ ಬಿಟ್ಟೆ" ಎಂದು ತಟ್ಟೆ ತೊಳೆಯಲು ಎದ್ದರು.

ಆಮೇಲೆ ಆ ನಾಯಿ ಅತ್ತೆಯದ್ದೇ ಆಯಿತು. ನಾವೂ ಅದನ್ನು ಮೋಳೇ ಎಂದೇ ಕರೆದೆವು. ಕಾಲಿಗೆ ಕೀವಾದಾಗ ಸುಳ್ಯದ ಪಶುವೈದ್ಯರ ಹತ್ತಿರ ಕರೆದೊಯ್ದೆವು. ಮೇಜಿನ ಮೇಲೆ ಅದು ಯಾರಿಗೂ ಮುಟ್ಟಲು ಬಿಡಲಿಲ್ಲ. ಡಾಕ್ಟರು ಬೆವರೊರೆಸಿಕೊಂಡರು. ಗಂಡ ಹೊರಗೆ ರಿಕ್ಷಾದಲ್ಲಿ ಕೂತಿದ್ದ ಅತ್ತೆಯನ್ನು ಕರೆತಂದರು. ಅತ್ತೆ ಅದರ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ಅದು ಸುಮ್ಮನೆ ಕಾಲು ನೀಡಿ ಮಲಗಿತು.

"ನನ್ನ ಸರ್ವಿಸಿನಲ್ಲಿ ನಾಯಿಗೆ ದುಭಾಷಿ ಕರ್ಕೊಂಡು ಬಂದದ್ದು ನೀವೇ ಮೊದಲು" ಎಂದರು ಡಾಕ್ಟರು. ಅತ್ತೆ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡರು. ದಾರಿಯುದ್ದಕ್ಕೂ ಅವರ ಮುಖದಲ್ಲಿ ಅದೇ ಹೆಮ್ಮೆ.

ಮಧ್ಯಾಹ್ನ ನಾನು ಹೊಲಿಯುತ್ತಿರುವಾಗ ಗೋಡೆಯ ಆಚೆಯಿಂದ ಅತ್ತೆಯ ಮಾತು ಕೇಳುತ್ತಲೇ ಇರುತ್ತಿತ್ತು. ದೀರ್ಘವಾದ ಕಥೆಗಳು. ಒಮ್ಮೆ ನಗು, ಒಮ್ಮೆ ಯಾರನ್ನೋ ಅಣಕಿಸುವ ದನಿ, ಒಮ್ಮೆ ತಗ್ಗಿದ ಸ್ವರ. ಹೊಳೆ, ದೋಣಿ, ಟೀಚರು ಎಂಬ ಮಾತುಗಳಷ್ಟೇ ನನಗೆ ಸಿಕ್ಕುತ್ತಿದ್ದವು. ಉಳಿದದ್ದು ಮೆಷಿನ್ನಿನ ಸದ್ದಿನಲ್ಲಿ ಹೋಯಿತು. ಕೇಳಬಹುದಿತ್ತು, ನಾಳೆ ಕೇಳಿದರಾಯಿತು ಎನ್ನಿಸುತ್ತಿತ್ತು. ಅವರು ಅಷ್ಟು ಖುಷಿಯಲ್ಲಿರುವಾಗ ಮಧ್ಯೆ ಹೋಗುವುದೂ ಸರಿ ಕಾಣುತ್ತಿರಲಿಲ್ಲ.

ವರ್ಷ ತುಂಬುವ ಮೊದಲು ಒಂದು ಭಾನುವಾರ ಮನೆಯ ಮುಂದೆ ಕಾರು ನಿಂತಿತು. ಮೀನಿನವರು ಗಡಿಯಾಚೆಯ ತಮ್ಮ ಗಿರಾಕಿಗಳಿಗೆಲ್ಲ ನಾಯಿಯ ಫೋಟೋ ತೋರಿಸಿದ್ದರು. ಒಳ್ಳೆಯದೇ ಆಗಲಿ ಎಂದು ಮಾಡಿದ್ದು. ಕಾರಿನಿಂದ ನನ್ನ ಪ್ರಾಯದ ಹೆಂಗಸೊಬ್ಬರು ಇಳಿದರು. ಅವರು ಏನೋ ಒಂದು ಹೆಸರು ಕೂಗಿದ್ದೇ ತಡ, ಹಿತ್ತಲಿನಲ್ಲಿದ್ದ ನಾಯಿ ಗಾಳಿಯಂತೆ ಬಂದು ಅವರ ಮೇಲೆ ಹಾರಿತು. ಕೂಗುವುದೋ ಅಳುವುದೋ ತಿಳಿಯದ ಹಾಗೆ ಸ್ವರ ತೆಗೆಯುತ್ತಾ ಅವರ ಕೈ, ಕತ್ತು, ಮುಖ ಎಲ್ಲ ನೆಕ್ಕಿತು. ಅವರು ನೆಲದಲ್ಲೇ ಕೂತು ಅತ್ತುಬಿಟ್ಟರು. ಸುಳ್ಯದ ನೆಂಟರ ಮನೆಯಿಂದ ಹಿಂದಿರುಗುವಾಗ ಜಾಲ್ಸೂರಿನಲ್ಲಿ ಚಹಾಕ್ಕೆ ನಿಲ್ಲಿಸಿದ್ದರಂತೆ. ಯಾವುದೋ ದಿಬ್ಬಣದ ಪಟಾಕಿಗೆ ಹೆದರಿ ನಾಯಿ ಕಾರಿನಿಂದ ಹಾರಿ ಓಡಿತಂತೆ. ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ.

ಗಂಡ ನನ್ನನ್ನು ನೋಡಿದರು, ನಾನು ಅತ್ತೆಯನ್ನು ನೋಡಿದೆ. ಬೇಡ ಎಂದು ಯಾರಾದರೂ ಒಬ್ಬರು ಹೇಳಲಿ ಎಂದು ನಾನು ಕಾಯುತ್ತಿದ್ದೆ. ಅತ್ತೆ ಆ ಹೆಂಗಸಿನ ಹತ್ತಿರ ಹೋಗಿ ಮಲಯಾಳದಲ್ಲಿ ಮಾತಾಡಿಸಿದರು. ನೀರು ಬೆಲ್ಲ ತರಿಸಿ ಕೊಟ್ಟರು. ಅವರು ಆಶ್ಚರ್ಯಪಟ್ಟು, ಅಮ್ಮ ಯಾವ ಊರಿನವರು ಎಂದು ಕೇಳಿದಾಗ ಅತ್ತೆ ತವರಿನ ಊರು ಹೇಳಿದರು. ಅದು ಅವರ ಮನೆಯ ದಾರಿಯಲ್ಲೇ ಸಿಗುವ ಊರು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಕೊನೆಗೆ ಅತ್ತೆ ನಮ್ಮ ಕಡೆ ತಿರುಗಿ, "ಅವರದ್ದು ಅವರು ಕರ್ಕೊಂಡು ಹೋಗ್ಲಿ. ಅದು ಎಷ್ಟು ಕಾದದ್ದು ಅಂತ ನೀವೇ ನೋಡಿದ್ದಲ್ವ" ಎಂದರು.

ದೀಪಾವಳಿ ಕಳೆದ ಮೇಲೆ ಗಂಡ ಬಿಡುವು ಮಾಡಿಕೊಂಡು ನಾಯಿಯನ್ನು ನೋಡಲು ನಮ್ಮಿಬ್ಬರನ್ನೂ ರಿಕ್ಷಾದಲ್ಲಿ ಕರೆದೊಯ್ದರು. ಮೊದಲು ಅತ್ತೆಯ ತವರಿನ ಜಾಗಕ್ಕೆ ಹೋದೆವು. ಮನೆ ಇರಲಿಲ್ಲ. ಎಲ್ಲ ರಬ್ಬರು. ಅತ್ತೆ ಮರಗಳ ನಡುವೆ ಅತ್ತಿತ್ತ ನಡೆದು, "ಇಲ್ಲಿಯೇ ಎಲ್ಲೋ" ಎಂದರು. ಶಾಲೆಯ ಜಾಗದಲ್ಲಿ ಬೇರೆ ದೊಡ್ಡ ಕಟ್ಟಡ. ಅವರು ಇಳಿದು ನೋಡಲೂ ಇಲ್ಲ.

ನಾಯಿಯ ಮನೆಯಲ್ಲಿ ಒಳ್ಳೆಯ ಉಪಚಾರ ಮಾಡಿದರು. ನಾಯಿ ಮೈತುಂಬಿಕೊಂಡು ಚೆನ್ನಾಗಿತ್ತು. ನಮ್ಮನ್ನು ಕಂಡು ಕುಣಿಯಿತು, ಅತ್ತೆಯ ಕಾಲ ಬುಡದಲ್ಲೇ ಮಲಗಿತು. ನಾವು ಹೊರಟಾಗ ಮಾತ್ರ ಎಲ್ಲರಿಗಿಂತ ಮೊದಲು ಹೋಗಿ ರಿಕ್ಷಾದ ಹಿಂದೆ ಹತ್ತಿ ಕುಳಿತಿತು. ಮನೆಯವರು ನಗುತ್ತಾ ಕರೆದರು, ಇಳಿಯಲಿಲ್ಲ. ಬಿಸ್ಕೆಟ್ ತೋರಿಸಿದರು, ಇಳಿಯಲಿಲ್ಲ. ಆ ಹೆಂಗಸಿನ ಮುಖ ಸಣ್ಣದಾಯಿತು.

ಅತ್ತೆ ಹತ್ತಿರ ಹೋಗಿ ಅದರ ತಲೆ ಸವರಿ, "ಇರಂಗ್ ಮೋಳೇ" ಎಂದರು. ಇಳಿ ಮಗಳೇ. ಅದು ಅವರ ಮುಖ ನೋಡಿತು. ಅವರು ಇನ್ನೊಮ್ಮೆ ಹೇಳಿದರು. ಇಳಿಯಿತು.

ಆ ದಿನದ ಮೇಲೆ ಅತ್ತೆಯ ಬಾಯಲ್ಲಿ ಮಲಯಾಳ ನಾನು ಕೇಳಿಲ್ಲ. ಮೀನಿನವರು ಬೇಕೆಂದೇ ಮಲಯಾಳದಲ್ಲಿ ಮಾತಾಡಿಸಿದರೂ ಅತ್ತೆ ಕನ್ನಡದಲ್ಲಿಯೇ ಉತ್ತರ ಕೊಟ್ಟು ಮೀನು ತೆಗೆದುಕೊಂಡು ಒಳಗೆ ಹೋಗುತ್ತಾರೆ. ಫೋಟೋ ತೋರಿಸಿದ್ದು ತಪ್ಪಾಯಿತೇನೋ ಎಂದು ಮೀನಿನವರು ಈಗಲೂ ನನ್ನ ಹತ್ತಿರ ಹೇಳುತ್ತಾರೆ. ತಪ್ಪಲ್ಲ ಎಂದು ನಾನು ಹೇಳುತ್ತೇನೆ. ಆ ಹೆಂಗಸಿನ ಅಳು ನೋಡಿದ ಮೇಲೆ ಬೇರೆ ಹೇಗೆ ಹೇಳಲಿ?

ಮನೆ ಬಿಕೋ ಎನ್ನುತ್ತದೆ ಎಂದು, ಕುಂಬ್ರದಲ್ಲಿ ಯಾರೋ ಗೋಣಿಯಲ್ಲಿ ಕಟ್ಟಿ ಬಿಟ್ಟುಹೋಗಿದ್ದ ಮರಿಗಳಲ್ಲಿ ಒಂದನ್ನು ಗಂಡ ತಂದರು. ಕಪ್ಪು ಗಂಡು ಮರಿ, ಭಾರೀ ಪೋಕರಿ. ನನ್ನ ಅಳತೆಪಟ್ಟಿಗಳನ್ನೆಲ್ಲ ಕಚ್ಚಿಹಾಕಿದೆ. ಗಿರಾಕಿಯೊಬ್ಬರ ಹೊಸ ಚಪ್ಪಲಿಯನ್ನು ಹೊಂಡ ತೋಡಿ ಹೂತಿಟ್ಟಿದೆ. ಅದನ್ನು ನೋಡಿ ಅತ್ತೆಯೂ ನಗುತ್ತಾರೆ, ಹೊತ್ತುಹೊತ್ತಿಗೆ ಅನ್ನ ಹಾಕುತ್ತಾರೆ, ಅರೆಭಾಷೆಯಲ್ಲಿ ಬೈಯುತ್ತಾರೆ. ಆದರೆ ಅದರ ಹತ್ತಿರ ಕೂತು ಕಥೆ ಹೇಳುವುದಿಲ್ಲ.

ಕಳೆದ ತಿಂಗಳು ಮಧ್ಯಾಹ್ನ ಮೆಷಿನ್ ನಿಲ್ಲಿಸಿ ಅವರ ಹತ್ತಿರ ಹೋಗಿ ಕೂತೆ. "ಅತ್ತೆ, ಮೋಳೇಗೆ ಹೊಳೆಯದ್ದು, ದೋಣಿಯದ್ದು ಎಂತದೋ ಹೇಳ್ತಿದ್ದಿರಲ್ಲ, ನನಗೂ ಹೇಳಿ" ಎಂದೆ.

ಅವರು ಬಸಳೆ ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ಅದೆಲ್ಲ ನಾಯಿಗೆ ಹೇಳುವ ಮಾತು. ನಿನಗೆ ಎಂತಕ್ಕೆ?"

"ಮಲಯಾಳದಲ್ಲೇ ಹೇಳಿ. ನಾನು ಕಲೀತೇನೆ."

"ಈಗ ಸರಿ ನೆನಪೂ ಇಲ್ಲ" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ನನ್ನ ಕಡೆಗೆ ಅರ್ಧ ಕಟ್ಟು ಬಸಳೆ ಸರಿಸಿದರು. ಇಬ್ಬರೂ ಸೊಪ್ಪು ಬಿಡಿಸಿದೆವು.