ಸಾರ್‌ಗೆ ಕಾಣದ ಕೆಂಪು

ಹೋದ ತಿಂಗಳು ಮಂಡ್ಯದ ನಮ್ಮ ಆಫೀಸಿನಲ್ಲಿ ಹೊಸ ಕಂಪ್ಯೂಟರ್ ಸಜ್ಜು ಮಾಡುತ್ತಿದ್ದೆ. ಕಪ್ಪು ಪರದೆಯ ಮೇಲೆ ಒಂದು ಸಾಲು ಕೆಂಪಕ್ಷರ ಮೂಡಿತು. ಸಣ್ಣ ತಪ್ಪು, ಎರಡು ನಿಮಿಷದ ಕೆಲಸ. ಆದರೆ ಮಳವಳ್ಳಿಯ ಸಾರ್ ನೆನಪಾದರು.

ಬಟ್ಟೆ ಅಂಗಡಿಯ ಮೇಲಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ಅವರು ನಮಗೆ ಪಾಠ ಹೇಳುತ್ತಿದ್ದರು. ನಾನು ಹಲಗೂರಿನಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಸಾರ್‌ಗೆ ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಮಧ್ಯಾಹ್ನ ಕಿಟಕಿಯ ಪಕ್ಕ ಒಬ್ಬರೇ ಕೂತು ಡಬ್ಬಿ ಬಿಚ್ಚುತ್ತಿದ್ದರು. ಆಗಲೂ ಯಾರಾದರೂ ಡೌಟು ಅಂತ ಹೋದರೆ, ಉಣ್ಣುತ್ತಲೇ ಎಡಗೈಯಲ್ಲಿ ಟೈಪ್ ಮಾಡಿ ತೋರಿಸುತ್ತಿದ್ದರು.

ಪರದೆಯ ಅಕ್ಷರಗಳಿಗೆ ಬಣ್ಣ ಕೊಡುವ ಲೈಬ್ರರಿ, ಅಂದರೆ ಸಿದ್ಧ ಕೋಡು, ಒಂದಿದೆ ಎಂದು ನನಗೆ ಎಲ್ಲೋ ಗೊತ್ತಾಯಿತು. ಸಾರ್ ಕಲಿಸಿರಲಿಲ್ಲ. ಅದನ್ನು ಸೇರಿಸಿ ಹಾಜರಿಯ ಪ್ರೋಗ್ರಾಂ ಬರೆದೆ: ಕಪ್ಪು ಪರದೆಯ ಮೇಲೆ ಬಂದವರ ಹೆಸರು ಬಿಳಿ, ಬಾರದವರದು ಕೆಂಪು. ಹೆಮ್ಮೆಯಿಂದ ಸಾರನ್ನು ಕರೆದೆ. ಅವರು ಬಗ್ಗಿ ನೋಡಿ, "ನಾಕು ಸಾಲು ಖಾಲಿ ಬಂದದಲ್ಲವ್ವ," ಎಂದರು.

"ಕೆಂಪಲ್ಲಿ ಬಂದದೆ ಸಾರ್, ಕಾಣಾಕಿಲ್ವಾ?"

ಕ್ಲಾಸಿಗೆ ಕ್ಲಾಸೇ ನಕ್ಕಿತು. ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೇ.

ಊಟದ ಹೊತ್ತಿನಲ್ಲಿ ನನ್ನನ್ನು ಕರೆದರು. "ಕೆಂಪು ನನ್ ಕಣ್ಗೆ ಕಪ್ನಂಗೇ ಕಾಣದು ಕಣವ್ವ. ಉಟ್ದಾಗಿಂದ್ಲೂ ಅಂಗೇಯ." ಅವರ ತಂದೆ ಶಿವನಸಮುದ್ರದ ಕರೆಂಟಿನ ಕೆಲಸದಲ್ಲಿದ್ದವರು. ತಾನೂ ಅಂಥದೇ ಕೆಲಸ ಮಾಡಬೇಕೆಂದು ಆಸೆಪಟ್ಟಿದ್ದ ಸಾರ್ ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗಿದ್ದರು. "ಯಾರ್ಗೂ ಏಳ್ಬ್ಯಾಡ. ಆಮ್ಯಾಕೆ ಇವ್ರ ಮುಂದೆ ನಿಂತು ಪಾಠ ಮಾಡಕ್ಕಾಗಾಕಿಲ್ಲ," ಎಂದರು. ಆಮೇಲೆ ನನ್ನ ಜೊತೆ ಕೂತು ಪ್ರೋಗ್ರಾಂ ತಿದ್ದಿದರು. ಕೆಂಪಿನ ಜಾಗಕ್ಕೆ ಹಳದಿ, ಹೆಸರಿನ ಪಕ್ಕದಲ್ಲಿ 'ಬಂದಿಲ್ಲ' ಎಂಬ ಮಾತು. "ಬಣ್ಣ ಇರ್ಲಿ ಬುಡು, ಚೆಂದಾಗದೆ," ಎಂದರು.

ಅಂದೇ ಸಂಜೆ ಬಸ್ಸಿನಲ್ಲಿ ಕ್ಲಾಸಿನ ಗೆಳತಿಗೆ ಸಾರ್ ಕಣ್ಣಿನ ವಿಷಯ ಹೇಳಿಬಿಟ್ಟೆ. ಕೇಡು ಬಯಸಿ ಅಲ್ಲ. ಸಾರ್ ನನ್ನೊಬ್ಬಳಿಗೇ ಹೇಳಿದರಲ್ಲ ಎಂಬ ಸಡಗರ...

ಮುಂದಿನ ವಾರ ಸಾರ್ ಒಳಗೆ ಬಂದಾಗ ಎಲ್ಲ ಪರದೆಗಳ ಮೇಲೂ ಒಂದೇ ಸಾಲು ಕೆಂಪಕ್ಷರ: ಗುಡ್ ಮಾರ್ನಿಂಗ್ ಸಾರ್. ಹಿಂದಿನಿಂದ ಯಾರೋ, "ಓದಿ ಸಾರ್," ಎಂದರು. ಸಾರ್ ಒಂದೊಂದೇ ಕಂಪ್ಯೂಟರ್ ನೋಡುತ್ತಾ ಬಂದು ನನ್ನ ಹತ್ತಿರ ನಿಂತರು. "ಏನ್ ಬರ್ದವ್ರೆ? ನೀನೇ ಏಳವ್ವ."

ನಾನು ತಲೆ ಎತ್ತಲಿಲ್ಲ.  ಸಾರ್ ಡಬ್ಬಿಯ ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದರು. ಮತ್ತೆ ಸೆಂಟರಿಗೆ ಬರಲಿಲ್ಲ.

ಮದ್ದೂರಿನ ಹತ್ತಿರ ವೈದ್ಯನಾಥಪುರದಲ್ಲಿ ತಂಗಿಯ ಮನೆಯಲ್ಲಿದ್ದಾರೆಂದು ಬಹಳ ಹಿಂದೆಯೇ ಕೇಳಿದ್ದೆ. ಮಂಡ್ಯದಿಂದ ಎಷ್ಟು ದೂರ? ಆದರೂ ಇಷ್ಟು ವರ್ಷ ಹೋಗಿರಲಿಲ್ಲ. ಆಫೀಸಿನಲ್ಲಿ ನೆನಪಾದ ಆ ವಾರ, ಭಾನುವಾರ ಹೊರಟೇಬಿಟ್ಟೆ.

ಸಾರ್ ತೀರಿಕೊಂಡು ಎರಡು ವರ್ಷವಾಗಿತ್ತು.

ಮಳವಳ್ಳಿಯಲ್ಲಿ ಸಾರ್ ಹತ್ತಿರ ಕಲಿತವಳು ಎಂದಾಗ ಅವರ ತಂಗಿ ನನ್ನನ್ನು ಕೂರಿಸಿ ಮುಖ ನೋಡಿದರು. "ಬಣ್ಣದ ಪ್ರೋಗ್ರಾಂ ಬರ್ದೋಳು ನೀನೇನಾ? ನಮ್ಮಣ್ಣ ನಿನ್ ಸುದ್ದಿ ಬಾಳ ಏಳೋನು. ಅವತ್ತು ಯಾವನೋ ಕದ್ದು ಕೇಳುಸ್ಕಂಡು ಊರಿಗೆಲ್ಲ ಸಾರವ್ನೆ, ಆ ಉಡ್ಗಿ ಅಂತೋಳಲ್ಲ ಅನ್ನೋನು."

ನಿಜ ಹೇಳಲೆಂದೇ ಹೋದವಳು... ಹೊರಡಲು ಎದ್ದೆ. "ಉಂಡ್ಕಂಡು ಓಗವ್ವ," ಎಂದು ಮುದ್ದೆ ಬಡಿಸಿದರು. ಉಂಡೆ. ಬಾಗಿಲಿನವರೆಗೆ ಬಂದು ಮತ್ತೆ ಬಾ ಎಂದರು. ಹೂಂ ಎಂದೆ. ಇನ್ನೂ ಹೋಗಿಲ್ಲ.

ಈಗ ಮಂಡ್ಯದ ರೂಮಿನಲ್ಲಿ ಒಬ್ಬಳೇ ಇದನ್ನು ಬರೆಯುತ್ತಿದ್ದೇನೆ. ಸಾರ್ ಇಲ್ಲ. ಕೊನೆಯವರೆಗೂ ನನ್ನ ಮೇಲೆ ಒಂದು ಮಾತು ಬರಗೊಡಲಿಲ್ಲ.

ಹಾಗಲ್ಲ ಸಾರ್. ಹೇಳಿದ್ದು ನಾನೇ.