ಬೀಳುವವನ ಅಭಿಮಾನಿ

ಮಂಗಳವಾರ ಬೆಳಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ನೀರುದೋಸೆ ಬಿಸಿಬಿಸಿಯಾಗಿ ಸಿಗುವುದಿಲ್ಲ. ಅಮೆರಿಕದಲ್ಲಿ ಸೋಮವಾರ ರಾತ್ರಿ ನಡೆಯುವ ಕುಸ್ತಿಯ ಶೋ ಬೇಹಾಲಾದ ನಮ್ಮ ಫ್ಲ್ಯಾಟಿಗೆ ಬಂದು ತಲುಪುವುದು ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ. ಉಳಿದ ದಿನ ಎಬ್ಬಿಸಬೇಕಾದರೆ ನನ್ನ ಗಂಟಲು ಹರಿಯಬೇಕು. ಆ ಒಂದು ದಿನ ಮಾತ್ರ ಎಂಟನೇ ಕ್ಲಾಸಿನ ನನ್ನ ಮಗಳು ತಾನಾಗಿಯೇ ಎದ್ದು, ಯೂನಿಫಾರ್ಮ್ ಹಾಕಿಕೊಂಡು, ಒಂದೇ ಕಾಲಿಗೆ ಸಾಕ್ಸ್ ಏರಿಸಿ ಟಿವಿ ಮುಂದೆ ಪ್ರತಿಷ್ಠಾಪನೆಯಾಗಿರುತ್ತಾಳೆ. ಇನ್ನೊಂದು ಕಾಲಿನ ಸಾಕ್ಸ್ ಜಾಹೀರಾತು ಬಂದಾಗ. ಕೆಳಗೆ ಶಾಲೆಯ ಮಕ್ಕಳನ್ನು ಒಯ್ಯುವ ಪೂಲ್ ಕಾರಿನವನು ಹಾರ್ನ್ ಹೊಡೆದ ಮೇಲೆ, ಅವನ ವಂಶವನ್ನೆಲ್ಲ ಹಿಂದಿಯಲ್ಲಿ ನೆನೆಯುತ್ತಾ ಮೆಟ್ಟಿಲಿಳಿಯುತ್ತಾಳೆ. ಇಳಿಯುವ ಮೊದಲು ಅಪ್ಪನಿಗೆ ಒಂದು ಎಚ್ಚರಿಕೆ.

"ಪಪ್ಪಾ, ರಿಸಲ್ಟ್ ನೋಡ್ಬೇಡಿ. ನೋಡಿದ್ರೂ ನಂಗೆ ಹೇಳ್ಬೇಡಿ."

ಈ ಪಪ್ಪ, ಅಂದರೆ ನನ್ನ ಯಜಮಾನರು, ಒಂದು ಕುಸ್ತಿಯನ್ನೂ ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದವರಲ್ಲ. ಹಾಗೆಂದು ಅಭಿಪ್ರಾಯಕ್ಕೇನೂ ಬರವಿಲ್ಲ. ಆಫೀಸಿಗೆ ಹೋಗುವ ದಾರಿಯಲ್ಲಿ ಯಾವನೋ ವಿಮರ್ಶಕ ಬರೆದದ್ದನ್ನು ಮೊಬೈಲಿನಲ್ಲಿ ಓದುತ್ತಾರೆ. ಸಂಜೆ ಬಂದು ಶೂ ಬಿಚ್ಚುವ ಮೊದಲೇ, "ಈ ವಾರ ಕಥೆಯನ್ನು ಸ್ವಲ್ಪ ಎಳೆದಿದ್ದಾರೆ, ಕೊನೆಗೆ ಆ ದಾಡಿಯವನು ಗೆದ್ದದ್ದು ಸರಿಯಲ್ಲ" ಎಂದು ಘೋಷಿಸುತ್ತಾರೆ. ಉಳಿದರ್ಧ ಶೋ ನೋಡಲು ಇಡೀ ದಿನ ಶಾಲೆಯಲ್ಲಿ, ಟ್ಯೂಷನ್ನಿನಲ್ಲಿ ಕಿವಿ ಮುಚ್ಚಿಕೊಂಡು ಆಗಷ್ಟೇ ಬಂದ ಹುಡುಗಿ ಅಲ್ಲೇ ಬ್ಯಾಗ್ ಎಸೆಯುತ್ತಾಳೆ. "ಅದೆಲ್ಲ ಮೊದಲೇ ಬರೆದಿಟ್ಟ ನಾಟಕ ಮಾರಾಯ್ತಿ, ಅದಕ್ಕೆ ಇಷ್ಟು ಸಿಟ್ಟಾ?" ಎನ್ನುತ್ತಾ ಇವರು ಸುದ್ದಿ ಚಾನೆಲ್ ಹಾಕುತ್ತಾರೆ. ಅಲ್ಲಿ ಎಂಟು ಜನ ಒಟ್ಟಿಗೆ ಕಿರುಚುತ್ತಿರುತ್ತಾರೆ. ಅದನ್ನು ನೋಡಿ ಇವರಿಗೆ ಬಿಪಿ ಏರುತ್ತದೆ. ಅದು ಮಾತ್ರ ನಿಜವಂತೆ.

ವಿಮರ್ಶಕನನ್ನೂ ನಾನು ಮೊಬೈಲಿನ ವಿಡಿಯೋದಲ್ಲಿ ನೋಡಿದ್ದೇನೆ. ಯಾವುದೋ ದೂರದ ಊರಿನಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಗೋಡೆ ತುಂಬ ಕುಸ್ತಿಪಟುಗಳ ಬೊಂಬೆ ಜೋಡಿಸಿಕೊಂಡು ಕೂತವನು. ಮೈಗೆ ಒಂದು ಚಿವುಟು ಬಿದ್ದರೂ ಆಸ್ಪತ್ರೆ ಸೇರುವ ಹಾಗಿದ್ದಾನೆ. ಆದರೆ ಯಾರು ಹೇಗೆ ಹೊಡೆಸಿಕೊಳ್ಳಬೇಕು ಎಂದು ತೀರ್ಪು ಕೊಡುವವನು ಅವನೇ. ನಾಲ್ಕೂಮುಕ್ಕಾಲು ಸ್ಟಾರ್ ಎಂದರೆ ನಾಲ್ಕೂಮುಕ್ಕಾಲು. ಆ ಕಾಲು ಸ್ಟಾರ್ ಎಲ್ಲಿ ಹೋಯಿತು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಅವನು ಹೇಳುವ ತನಕ ಈ ಅಭಿಮಾನಿಗಳಿಗೆಲ್ಲ ತಾವು ನೋಡಿದ್ದು ಚೆನ್ನಾಗಿತ್ತೋ ಇಲ್ಲವೋ ಗೊತ್ತಾಗುವುದೂ ಇಲ್ಲ.

ಈ ರೋಗ ನನ್ನ ಅಡುಗೆಮನೆಗೂ ಬಂತು.

"ಎರಡೂಮುಕ್ಕಾಲು, ಅಮ್ಮ. ದೋಸೆ ಓಕೆ. ಬಟ್ ಚಟ್ನಿಯ ಎಂಟ್ರಿ ಬಹುತ್ ಲೇಟ್."

ನಾನು ಕೈಯಲ್ಲಿದ್ದ ಸಟ್ಟುಗ ತೋರಿಸಿದೆ. ಮೂರಕ್ಕೆ ಏರಿಸಿದಳು.

ಈಗ ನನ್ನ ಕಥೆಗೆ ಬರುತ್ತೇನೆ. ನಾನೂ ಬ್ಯಾಂಕಿನವಳೇ, ಯಜಮಾನರದ್ದು ಬೇರೆ ಬ್ಯಾಂಕು. ಮದುವೆಯಾಗಿ ಕುಂದಾಪುರದಿಂದ ಈ ಊರಿಗೆ ಬಂದವಳು ಹಲವು ವರ್ಷಗಳಿಂದ ಸಿಯಾಲ್ದಾ ಶಾಖೆಯಲ್ಲಿದ್ದೆ. ದಿನವೂ ಮಾಝೇರ್‌ಹಾಟ್ ಸ್ಟೇಷನ್ ತನಕ ಹೋಗಿ, ಅಲ್ಲಿಂದ ಲೋಕಲ್ ಟ್ರೈನಿನ ಹೆಂಗಸರ ಡಬ್ಬಿಯಲ್ಲಿ ಇನ್ನೊಬ್ಬರ ಮೊಣಕೈ ನನ್ನ ಪಕ್ಕೆಲುಬಿಗೆ, ನನ್ನ ಬ್ಯಾಗು ಮತ್ತೊಬ್ಬರ ಮೂಗಿಗೆ. ಕುಸ್ತಿ ಎಂದರೆ ಏನೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಆ ಹೊತ್ತಿಗೆ ಜೋಕಾ ಶಾಖೆಯ ಮ್ಯಾನೇಜರ್ ನಿವೃತ್ತರಾಗುವ ಸುದ್ದಿ ಬಂತು. ಜೋಕಾ ಎಂದರೆ ನಮ್ಮ ಮನೆಯಿಂದ ಮೆಟ್ರೋದಲ್ಲಿ ಕೆಲವೇ ನಿಲ್ದಾಣ, ಅದೂ ಕೂತುಕೊಂಡು. ಆದರೆ ವಿಷಯ ದೂರದ್ದಲ್ಲ. ಒಂದು ಶಾಖೆಯನ್ನು ನಾನೇ ನಡೆಸಬೇಕಿತ್ತು. ಆ ಕುರ್ಚಿ ನನಗೆ ಬೇಕಿತ್ತು. ಹೆಂಗಸರು ಇಂಥದ್ದನ್ನು ಬಾಯಿಬಿಟ್ಟು ಹೇಳಬಾರದಂತೆ. ನಾನು ಹೇಳುತ್ತೇನೆ: ಬೇಕಿತ್ತು.

ನಮ್ಮ ಬ್ಯಾಂಕಿನಲ್ಲಿ ಇದಕ್ಕೆಲ್ಲ ಇಂಟರ್‌ವ್ಯೂ ಇರುತ್ತದೆ. ಫಲಿತಾಂಶ ಕೆಳಗೆ ಚಹಾ ಮಾರುವವನಿಗೂ ಮುಂಚೆಯೇ ಗೊತ್ತಿರುತ್ತದೆ. ಆದರೂ ಎಲ್ಲರೂ ಹೊಸ ಶರ್ಟು, ಇಸ್ತ್ರಿ ಸೀರೆಯಲ್ಲಿ ಹೋಗಿ ಬೆವರು ಸುರಿಸಿ ಬರುತ್ತಾರೆ. ಹಿಂದೆ ಎರಡು ಸಲ ನಾನೂ ಹೋಗಿ ಬಂದಿದ್ದೆ. ಎರಡೂ ಸಲ ಝೋನಲ್ ಸಾಹೇಬರು, ಅಂದರೆ ಈ ವಲಯದ ಶಾಖೆಗಳಿಗೆಲ್ಲ ದೊಡ್ಡವರು, ತಲೆ ಓರೆ ಮಾಡಿ, "ಮ್ಯಾಡಮ್, ನೀವು ಈ ಶಾಖೆಯ ಬೆನ್ನೆಲುಬು. ಮುಂದಿನ ಸಲ ಖಂಡಿತ" ಎಂದಿದ್ದರು. ಬೆನ್ನೆಲುಬಿಗೆ ಯಾರೂ ಹಾರ ಹಾಕುವುದಿಲ್ಲ, ಅದು ಹಿಂದುಗಡೆ ಇರುತ್ತದಲ್ಲ.

ಈ ಸಲ ಎದುರಿಗಿದ್ದವನು ನಮ್ಮದೇ ಶಾಖೆಯ ಒಬ್ಬ ಆಫೀಸರ್, ನನಗಿಂತ ಹತ್ತಾರು ವರ್ಷ ಚಿಕ್ಕವನು. ಸಾಲದ ಕಡತ ಓದುವುದರಿಂದ ಹಿಡಿದು, ಕೌಂಟರಿನ ಮೇಲೆ ಗುದ್ದುವ ಗಿರಾಕಿಯನ್ನು ಕೂರಿಸಿ ನೀರು ಕುಡಿಸುವ ತನಕ ಎಲ್ಲವನ್ನೂ ಅವನಿಗೆ ಕಲಿಸಿದವಳು ನಾನು. ಬಾಯಿ ತುಂಬ ದಿದಿ ಎಂದು ಕರೆಯುತ್ತಿದ್ದ. ಒಳ್ಳೆಯವನೇ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಇಂಟರ್‌ವ್ಯೂ ಮುಗಿದ ವಾರ ಒಂದು ಮಂಗಳವಾರ ನಾನೂ ಚಹಾ ಹಿಡಿದು ಮಗಳ ಪಕ್ಕ ಕೂತೆ. ಪರದೆಯ ಮೇಲೆ ನಡುವಯಸ್ಸಿನ, ಬೋಳುತಲೆಯ, ಹೊಟ್ಟೆ ಮುಂದಿದ್ದ ಒಬ್ಬ ಮನುಷ್ಯ ಕಂದು ಚಡ್ಡಿಯಲ್ಲಿ ಏಟು ತಿನ್ನುತ್ತಿದ್ದ. ಹೀರೋ ಬರುವಾಗ ಬೆಂಕಿ, ಹೊಗೆ, ಸಂಗೀತ ಎಲ್ಲ ಇತ್ತು. ಇವನು ಬಂದದ್ದು ಕ್ಯಾಮೆರಾಕ್ಕೂ ಗೊತ್ತಾಗಿರಲಿಲ್ಲ. ಮಗಳು ಇವನ ಅಭಿಮಾನಿಯಂತೆ.

"ಇವನಿಗೆ ಗೆಲ್ಲಲಿಕ್ಕೆ ಬರುದಿಲ್ವಾ?" ಎಂದೆ.

"ಅಮ್ಮ, ಅವ್ನ ಕೆಲ್ಸವೇ ಸೋಲುದು. ಹೀರೋ ಹೊಡೀತಾನಲ್ಲ, ಇವ್ನು ಠೀಕ್ ಸೇ ಬೀಳ್ಬೇಕು. ಇವ್ನು ಒಳ್ಳೆದು ಮಾಡಿ ಬೀಳ್ದಿದ್ರೆ ಹೀರೋ ಸ್ಟ್ರಾಂಗ್ ಅಂತ ಹೇಗೆ ಗೊತ್ತಾಗುದು? ಎಲ್ರನ್ನೂ ಹೀರೋ ಮಾಡಿದ್ದು ಇವ್ನೇ. ಆ ರಿವ್ಯೂ ಮಾಡುವವ ಇವ್ನ ಬಗ್ಗೆ ಒಂದು ಲೈನ್ ಬರೀಲಿಲ್ಲ ಇಷ್ಟು ದಿನ." ಆಮೇಲೆ, ದೋಸೆ ಬಾಯಲ್ಲಿಟ್ಟುಕೊಂಡೇ, "ನಿನ್ನ ಬ್ರಾಂಚಲ್ಲಿ ನೀನೇ ಇವ್ನು, ಅಲ್ವಾ?" ಎಂದಳು.

"ಬಾಯಿ ಮುಚ್ಚಿ ತಿನ್ನು" ಎಂದೆ. ಜೋರಾಗಿಯೇ ಎಂದೆ. ಅವಳು ಕುಚೋದ್ಯಕ್ಕೆ ಹೇಳಿದ್ದಲ್ಲ, ಅವಳ ಮಟ್ಟಿಗೆ ಅದು ಹೊಗಳಿಕೆ. ನನಗೆ ಮಾತ್ರ ಆ ದಿನ ಹೋಗುವಾಗಲೂ ಬರುವಾಗಲೂ ಲೋಕಲ್ ಟ್ರೈನಿನಲ್ಲಿ ಕಣ್ಣು ಮಂಜಾಗುತ್ತಲೇ ಇತ್ತು. ಸಿಟ್ಟಿನಿಂದಲೋ ದುಃಖದಿಂದಲೋ, ಎರಡೂ ಇತ್ತು.

ಅದರ ಮುಂದಿನ ಮಂಗಳವಾರ ಆ ಕಂದು ಚಡ್ಡಿಯವನು ಒಂದು ಅನಾಹುತ ಮಾಡಿದ. ಹೀರೋ ಎಂದಿನಂತೆ ತನ್ನ ಕೊನೆಯ ಏಟು ಕೊಟ್ಟ. ಆ ಏಟಿಗೆ ಲೋಕದಲ್ಲಿ ಎಲ್ಲರೂ ಬಿದ್ದೇ ಬೀಳಬೇಕೆಂದು ನಿಯಮ. ಇವನು ಬೀಳಲಿಲ್ಲ. ನಿಂತೇ ಇದ್ದ. ಚಡ್ಡಿ ಸರಿಮಾಡಿಕೊಂಡ. ಹೀರೋ ಗಾಬರಿಯಾಗಿ ರೆಫರಿಯ ಮುಖ ನೋಡಿದ, ರೆಫರಿ ಚಾವಣಿ ನೋಡಿದ. ಸಾವಿರಾರು ಜನ ಎದ್ದು ನಿಂತರು. ಇವನು ಹಗ್ಗ ದಾಟಿ ಕೆಳಗಿಳಿದು, ಟವೆಲ್ ಹೆಗಲಿಗೆ ಹಾಕಿಕೊಂಡು, ಸ್ನಾನಕ್ಕೆ ಹೊರಟವನ ಹಾಗೆ ಒಳಗೆ ನಡೆದೇಬಿಟ್ಟ. ಹೊರಗೆ ಹೋದವನು ವಾಪಸ್ ಬರಲೆಂದು ರೆಫರಿ ಹತ್ತು ಎಣಿಸಿ, ಬಾರದಿದ್ದಾಗ ಹೀರೋನ ಕೈ ಎತ್ತಿದ. ಲೆಕ್ಕದಲ್ಲಿ ಇವನು ಸೋತ.

ಆ ವಾರವಿಡೀ ಅಭಿಮಾನಿಗಳ ನಡುವೆ ಮಹಾಯುದ್ಧ. ಇದೂ ಬರೆದಿಟ್ಟದ್ದೇ, ಎಂಥ ಅದ್ಭುತ ಕಥೆ ಎಂದು ಕೆಲವರು. ಇಲ್ಲ, ಪಾಪ, ನಿಜವಾಗಿ ಸಿಟ್ಟು ಬಂದದ್ದು ಎಂದು ಕೆಲವರು. ಬೊಂಬೆಗಳ ಕೋಣೆಯ ಮಹಾನುಭಾವ ಅರ್ಧ ಸ್ಟಾರ್ ಕೊಟ್ಟು, ವೃತ್ತಿಧರ್ಮ ಗೊತ್ತಿಲ್ಲದವನು ಹೀರೋನ ಕಥೆ ಕೆಡಿಸಿದ ಎಂದ. ಮುಂದಿನ ಮಂಗಳವಾರ ಕಂದು ಚಡ್ಡಿಯವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅಷ್ಟರಲ್ಲಿ ಅಭಿಮಾನಿಗಳು ಹೀರೋನ ಹೊಸ ಜಾಕೆಟ್ಟಿನ ಬಣ್ಣದ ಬಗ್ಗೆ ಜಗಳವಾಡುತ್ತಿದ್ದರು. ನನ್ನ ಮಗಳು ಅತ್ತಳು.

"ಕಂಪನಿಯಲ್ಲಿದ್ದ ಮೇಲೆ ಶಿಸ್ತು ಬೇಕು" ಎಂದರು ನನ್ನ ಯಜಮಾನರು.

"ಪಪ್ಪಾ, ನೀವು ನೋಡಿದ್ರಾ?"

"ನೋಡ್ಲಿಕ್ಕೆ ಎಂತ ಉಂಟು? ಓದಿದ್ದೇನೆ."

ಅದೇ ವಾರ ಜೋಕಾದ ಆದೇಶ ಬಂತು. ಕುರ್ಚಿ ನಾನು ಕೆಲಸ ಕಲಿಸಿದವನಿಗೆ. ಅವನೇ ನನ್ನ ಮೇಜಿನ ಬಳಿ ಬಂದು, "ದಿದಿ, ನಂಗೂ ಹೀಗಾಗ್ತದೆ ಅಂತ ಗೊತ್ತಿರಲಿಲ್ಲ" ಎಂದು ಹಿಂದಿಯಲ್ಲಿ ತೊದಲಿದ. ಚಹಾದವನಿಗೆ ಗೊತ್ತಿತ್ತು. ನಾನು ಅಭಿನಂದನೆ ಹೇಳಿದೆ, ಕೈ ಕುಲುಕಿದೆ, ನಕ್ಕೆ. ಇಷ್ಟು ವರ್ಷದ ಅಭ್ಯಾಸ, ಬೀಳಲು ನನಗೂ ಚೆನ್ನಾಗಿ ಬರುತ್ತಿತ್ತು.

ಶನಿವಾರ ಸಂಜೆ ಶಾಖೆಯಲ್ಲೇ ಅವನಿಗೆ ಬೀಳ್ಕೊಡುಗೆ. ಎಲ್ಲರ ಕೈಯಲ್ಲೂ ಒಂದೊಂದು ಪೊಟ್ಟಣ: ಸಂದೇಶ್ ಎಂಬ ಹಾಲಿನ ಸಿಹಿ ಎರಡು, ಒಂದು ಸಿಂಗಾರಾ, ಅಂದರೆ ನಮ್ಮ ಸಮೋಸವೇ, ಒಳಗೆ ಹೂಕೋಸು. ಸುಗಂಧರಾಜದ ದೊಡ್ಡ ಗುಚ್ಛವನ್ನು ಅವನಿಗೆ ಕೊಡುವ ಸೌಭಾಗ್ಯ ನನ್ನದೆಂದು ಯಾರೋ ತೀರ್ಮಾನಿಸಿದ್ದರು. ಕೊಟ್ಟು ಬಂದು ಕೂತೆ. ಆಗ ಝೋನಲ್ ಸಾಹೇಬರು ಮೈಕ್ ಹಿಡಿದರು. ಆ ಕೋಣೆಗೆ ಮೈಕ್ ಬೇಕಿರಲಿಲ್ಲ, ಅವರಿಗೆ ಬೇಕಿತ್ತು.

"ಇನ್ನೊಂದು ಸಂತೋಷದ ಸುದ್ದಿ. ಹೊಸ ಮ್ಯಾನೇಜರಿಗೆ ಜೋಕಾದಲ್ಲಿ ಎಲ್ಲ ಹೊಸದು. ಅವರ ಪಕ್ಕದಲ್ಲಿ ಕೂತು ಮೂರು ತಿಂಗಳು ದಾರಿ ತೋರಿಸಲು ನಮ್ಮ ಮ್ಯಾಡಮ್ ದೊಡ್ಡ ಮನಸ್ಸಿನಿಂದ ಒಪ್ಪಿದ್ದಾರೆ."

ನನ್ನ ದೊಡ್ಡ ಮನಸ್ಸಿನ ಸುದ್ದಿ ನನಗೆ ಆಗಲೇ ತಿಳಿದದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು. ಈಗ ನಾನು ಎದ್ದು, ಸೆರಗು ಸರಿಮಾಡಿ, ಕೈ ಮುಗಿದು, ಬ್ಯಾಂಕಿನ ನಿರ್ಧಾರವೇ ನನ್ನ ನಿರ್ಧಾರ ಎನ್ನಬೇಕು. ಹಿಂದಿನ ಎರಡೂ ಸಲ ಅಂದಿದ್ದೆ. ಸಾಹೇಬರು ನನ್ನತ್ತ ಕೈ ಚಾಚಿ ಕಾಯುತ್ತಿದ್ದರು.

ಹೆದರಿಕೆ ಇತ್ತು. ಆ ಬೋಳುತಲೆಯವನನ್ನು ಆಮೇಲೆ ಯಾರೂ ಶೋಗೆ ಕರೆಯಲಿಲ್ಲ ಎನ್ನುವುದೂ ನೆನಪಿತ್ತು. ಆದರೂ ನಾನು ಏಳಲಿಲ್ಲ. ಕೂತಲ್ಲಿಂದಲೇ, ಮೈಕಿಲ್ಲದೆ, ಹಿಂದಿಯಲ್ಲಿ ಹೇಳಿದೆ: "ಸರ್, ನಾನು ಒಪ್ಪಿಲ್ಲ. ನನ್ನನ್ನು ಯಾರೂ ಕೇಳಿಲ್ಲ. ಜೋಕಾಕ್ಕೆ ಹೋಗುವುದಿದ್ದರೆ ಆ ಕುರ್ಚಿಗೆ ಹೋಗುತ್ತಿದ್ದೆ. ಪಕ್ಕದ ಕುರ್ಚಿಗೆ ಹೋಗುವುದಿಲ್ಲ."

ಚಪ್ಪಾಳೆ ಅರ್ಧಕ್ಕೆ ನಿಂತಿತು. ಯಾರೂ ಎದ್ದು ನಿಲ್ಲಲಿಲ್ಲ, ಅದೆಲ್ಲ ಟಿವಿಯಲ್ಲಿ. ಹೊಸ ಮ್ಯಾನೇಜರ್ ಪೊಟ್ಟಣದೊಳಗಿನ ಸಂದೇಶ್ ಅನ್ನೇ ನೋಡುತ್ತಾ ಕೂತ. ಸಾಹೇಬರ ಮುಖ ಮಾತ್ರ ಥೇಟ್ ಆ ಹೀರೋನದು: ಏಟು ಸರಿಯಾಗಿಯೇ ಕೊಟ್ಟಿದ್ದೆನಲ್ಲ ಎಂಬಂತೆ. "ಮ್ಯಾಡಮ್ ತಮಾಷೆ ಮಾಡ್ತಾರೆ" ಎಂದು ನಕ್ಕರು. ಒಬ್ಬರೂ ಜೊತೆಗೂಡಲಿಲ್ಲ. ನಾನು ಪೊಟ್ಟಣ ಬ್ಯಾಗಿಗೆ ಹಾಕಿಕೊಂಡು ಟ್ರೈನ್ ಹಿಡಿದೆ.

ಮನೆಯಲ್ಲಿ ವಿಷಯ ಹೇಳಿ ಮುಗಿಸುವ ಮೊದಲೇ ಯಜಮಾನರ ವಿಮರ್ಶೆ ತಯಾರಾಗಿತ್ತು.

"ಒಪ್ಪಬೇಕಿತ್ತು ನೀನು. ಮೂರು ತಿಂಗಳು ಹೋಗಿ ಬಂದಿದ್ರೆ ಮುಂದಿನ ಸಲ..."

"ಪಪ್ಪಾ, ನೀವು ನೋಡಿದ್ರಾ?" ಎಂದಳು ಮಗಳು.

ಇವರು ಪೊಟ್ಟಣ ಬಿಚ್ಚಿ, ಸಿಂಗಾರಾವನ್ನು ಮೂರು ಪಾಲು ಮಾಡಿ ದೊಡ್ಡ ಪಾಲನ್ನು ನನ್ನ ಮುಂದಿಟ್ಟರು. ಮದುವೆಯಾದಂದಿನಿಂದ ಇವರು ನನಗೆ ಕೊಟ್ಟ ಅತ್ಯುನ್ನತ ಸ್ಟಾರ್ ಅದೇ.

ಜೋಕಾ ಹೋಯಿತು. ಆ ಕುರ್ಚಿ ಇನ್ನು ನನ್ನ ಸರ್ವಿಸಿನಲ್ಲಿ ಸಿಗಲಿಕ್ಕಿಲ್ಲ. ಅದರ ಸಂಕಟ ಇದೆ, ಇಲ್ಲವೆಂದು ನಾಟಕ ಮಾಡುವುದಿಲ್ಲ. ಸ್ವಲ್ಪ ದಿನಕ್ಕೆ ನನ್ನನ್ನು ಖಿದಿರ್‌ಪುರದ ಶಾಖೆಗೆ ಎತ್ತಿ ಹಾಕಿದರು. ಬಂದರಿನ ಲಾರಿಗಳ ಧೂಳು, ಬೆಳಗಿನಿಂದ ಸಂಜೆಯವರೆಗೆ ಕ್ಯೂ. ಶಿಕ್ಷೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದು ಸಿಯಾಲ್ದಾಕ್ಕಿಂತ ನನ್ನ ಮನೆಗೆ ಎಷ್ಟೋ ಹತ್ತಿರ ಎನ್ನುವುದನ್ನು ಸಾಹೇಬರು ನೋಡಿಕೊಂಡಿರಲಿಲ್ಲ. ಕಥೆ ಬರೆಯುವವರು ಇಂಥ ಸಣ್ಣ ವಿವರಗಳಲ್ಲೇ ಎಡವುವುದು.

ಆದರೆ ಅದಕ್ಕೂ ಮೊದಲು, ಬೀಳ್ಕೊಡುಗೆಯ ಮರುದಿನ ಭಾನುವಾರ, ಕುಂದಾಪುರದಲ್ಲಿ ಅಣ್ಣನ ಮನೆಯಲ್ಲಿರುವ ನನ್ನ ತಾಯಿಯ ಫೋನ್ ಬಂತು. ಅವರಿಗೆ ಹಿಂದಿಯೂ ಬಾರದು, ಇಂಗ್ಲಿಷೂ ಬಾರದು; ಇವೆರಡೂ ಬೆರೆಯದೆ ಮಗಳ ಕನ್ನಡ ಓಡದು. ಆದ್ದರಿಂದ ನನ್ನ ಮಗಳು ಪ್ರತಿವಾರ "ಚೆನ್ನಾಗಿದ್ದೇನೆ ಅಮ್ಮಮ್ಮ, ಊಟ ಆಯ್ತು" ಎಂಬ ಎರಡೇ ವಾಕ್ಯ ಒಪ್ಪಿಸಿ ಫೋನ್ ನನಗೆ ದಾಟಿಸುವುದು ವಾಡಿಕೆ. ಆ ದಿನ ದಾಟಿಸಲಿಲ್ಲ. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಹೊರಗೆ ಅವಳು ಅಮ್ಮಮ್ಮನಿಗೆ ಇಡೀ ಪ್ರಸಂಗವನ್ನು ತಡವರಿಸುವ ಕನ್ನಡದಲ್ಲಿ ಹೇಳುತ್ತಿದ್ದಳು. ಶಬ್ದ ಸಿಗದಲ್ಲಿ ನಿಲ್ಲಿಸಿ, ಹುಡುಕಿ, ಮತ್ತೆ ಹೊರಡುತ್ತಿದ್ದಳು. ಅವಳ ಬಾಯಲ್ಲಿ ಸಾಹೇಬರು ಬಾಗಿಲಿಗೆ ತಲೆ ತಾಗುವಷ್ಟು ಎತ್ತರವಾಗಿದ್ದರು. ನಾನು ಸಿಂಗಾರಾ ಕಚ್ಚಿ ತಿಂದುಕೊಂಡೇ ಉತ್ತರ ಕೊಟ್ಟಿದ್ದೆನಂತೆ. ಸುಳ್ಳು, ಆದರೆ ಚೆನ್ನಾಗಿತ್ತು.

ಸ್ಪೀಕರಿನಲ್ಲಿ ನನ್ನ ತಾಯಿಯ ಗಾಬರಿಯ ದನಿ ಕೇಳಿತು. "ಅದೆಲ್ಲ ಇರ್ಲಿ ಮಗಾ. ಆ ಕುರ್ಚಿ ಅಮ್ಮಂಗೆ ಸಿಕ್ತಾ ಇಲ್ವಾ?"

"ಇಲ್ಲ ಅಮ್ಮಮ್ಮ. ಅಮ್ಮ ಸೋತ್ಲು." ಒಂದು ಕ್ಷಣ ಶಬ್ದ ಹುಡುಕಿದಳು. "ಆದ್ರೆ ಬೀಳ್ಲಿಲ್ಲ."

ನಾನು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದೆ, ಮೂಗು ಎಳೆದುಕೊಂಡದ್ದು ಹೊರಗಿನವರಿಗೆ ಕೇಳಬಾರದೆಂದು.