ಬೆಳಕಿಗೆ ಬೆನ್ನು ಹಾಕಿ ನಿಂತ ಮಾವನವರು

ಗೆಳತಿಯರೇ, ಇವತ್ತು ನನಗೆ ನಿಜಕ್ಕೂ ಅಳು ಬಂತು! ಹೋದ ವಾರ ಗುಲ್ಬರ್ಗದಿಂದ ಬಂದಿದ್ದ ಮಾವನವರು, ಕಾಲುನೋವಿನಿಂದ ಬರಲಾಗದ ಅತ್ತೆಗೆ ತೋರಿಸಲೆಂದು, ನಮ್ಮ ಬಾಲ್ಕನಿಯಲ್ಲಿ ನಿಂತು ಮೊದಲ ಸಲ ನನ್ನ ಕ್ಯಾಮೆರಾಗೆ ನಕ್ಕಿದ್ದರು. ಪ್ರಿಂಟಿನಲ್ಲಿ ಅವರ ಹಿಂದಿನ ಮೋಡ ತುಂಬಿದ ಆಕಾಶ ಅದ್ಭುತವಾಗಿದೆ. ಮಾವನವರು ಮಾತ್ರ ಬರೀ ಕಪ್ಪು!

ಶಿವಾಜಿನಗರದ ಸ್ಟುಡಿಯೊದವರು, “ಹತ್ರ ಹೋಗಿ ಮುಖದ ಬೆಳಕಿಗೆ ಕ್ಯಾಮೆರಾ ಮೀಟರ್ ಸೆಟ್ ಮಾಡ್ಕೊಂಡು, ಆಮೇಲೆ ಹಿಂದೆ ಬಂದು ಕ್ಲಿಕ್ ಮಾಡ್ಬೇಕಿತ್ತು ಮೇಡಂ,” ಎಂದರು.

“ಮಾವನವರ ಮುಖದ ಹತ್ರ ಹೇಗೆ ಹೋಗ್ಲಿ ರೀ? ಮದುವೆಯಾಗಿ ಎರಡೇ ತಿಂಗಳು!”

ಸಂಜೆ ಊರಿನಿಂದ ಮಾವನವರದೇ ಫೋನ್ ಬಂತು. “ಫೋಟೊ ಬಂತೇನವ್ವಾ? ನಾ ನಕ್ಕೀನಂದ್ರ ನಿಮ್ಮತ್ತಿ ನಂಬವಲ್ಲಳು.”

“ಮೋಡ ತುಂಬಾ ಚೆನ್ನಾಗಿ ಬಂದಿದೆ ಮಾವ,” ಎಂದೆ.

ಅವರು ಹೇಳಿದರು: “ಮೋಡ ನಮ್ಮೂರಾಗೂ ಅದಾವಲ್ಲವ್ವಾ.”